ರಾಗಿ ಸರಿ, ಸೋಯಾ ಪುಡಿ ಮತ್ತು ಹಾಲು ಆಗದ ಕೂಸು

ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಬೆಳೆಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಅದೇ ನೆಲದಿಂದ ಆಮೇಲೆ ಕೆ.ಎಂ.ಆರ್. ತಳಿಗಳು ಬಂದವು, ಅವುಗಳಲ್ಲಿ ಬಿಳಿ ಕಾಳಿನ ಕೆ.ಎಂ.ಆರ್.-340 ಕೂಡ ಒಂದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಹಸುವಿನ ಹಾಲಿನಲ್ಲಿ ಇರುವುದು 120ರ ಆಸುಪಾಸು. ಈ ಲೆಕ್ಕ ಕೇಳಿದ ಮೇಲೆ, ಹಾಲಿನ ಅಲರ್ಜಿ ಇರುವ ಕೂಸಿಗೆ ರಾಗಿ ಹಿಂಡಿ ಕುಡಿಸಿದರೆ ಸಾಕಲ್ಲ ಎಂದು ಯಾರಿಗಾದರೂ ಅನ್ನಿಸೀತು. ಸಾಲದು ಎಂಬುದೇ ಇಂದಿನ ನನ್ನ ವಾದ. ಗಿಡದಿಂದ ಬಂದ ಆಹಾರದಲ್ಲಿ ಕೂಸು ಬೆಳೆಯಲಾರದು ಎಂದಲ್ಲ, ಚೆನ್ನಾಗಿಯೇ ಬೆಳೆಯಬಲ್ಲದು. ಆದರೆ ಕಾಳು ಶಿಶು ಆಹಾರ ಆಗುವಷ್ಟರಲ್ಲಿ ಅದಕ್ಕೆ ಏನೇನು ಸೇರಬೇಕು ಎಂಬುದನ್ನು ಜಗತ್ತು ನೂರು ವರ್ಷ ತಡವರಿಸಿ ಕಲಿತಿದೆ, ಅದೂ ಮಕ್ಕಳ ನೋವಿನಿಂದ.

ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಜಾನ್ ರೂರಾ ಶಿಶುಗಳಿಗೆ ಸೋಯಾ ಅವರೆ ಕೊಡಬಹುದು ಎಂದು ಬರೆದದ್ದು 1909ರಲ್ಲಿ. 1929ರಲ್ಲಿ ಹಿಲ್ ಮತ್ತು ಸ್ಟುವರ್ಟ್ ಎಂಬ ವೈದ್ಯರು ಹಾಲು ಆಗದ ಮಕ್ಕಳಿಗೆಂದೇ ಸೋಯಾ ಆಹಾರವನ್ನು ಮುಂದಿಟ್ಟರು. ಹಾಲಿನ ಪ್ರೋಟೀನ್ ತಪ್ಪಿತು, ಮೈಮೇಲಿನ ದದ್ದು, ಕೆರೆತ ಇಳಿಯಿತು. ಅಲ್ಲಿಗೆ ಕೆಲಸ ಮುಗಿಯಿತು ಎಂದು ತಿಳಿದವರು ಬಹಳ. ಮುಗಿದಿರಲಿಲ್ಲ. 1950ರ ದಶಕದ ಕೊನೆಗೆ ಸೋಯಾ ಹಿಟ್ಟಿನ ಪುಡಿಯನ್ನೇ ನಂಬಿದ್ದ ಕೆಲವು ಶಿಶುಗಳ ಗಂಟಲಲ್ಲಿ ಗಳಗಂಡ ಕಾಣಿಸಿತು. ಪುಡಿಗೆ ಅಯೋಡಿನ್ ಸೇರಿತು, ಹಿಟ್ಟಿನ ಬದಲು ಶುದ್ಧಮಾಡಿದ ಸೋಯಾ ಪ್ರೋಟೀನ್ ಬಂತು, ಸೋಯಾದಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ಹೊರಗಿನಿಂದ ಕೂಡಿಸಿದರು. 1970ರ ದಶಕದ ಕೊನೆಗೆ ಅಮೆರಿಕದ ಒಂದು ಸೋಯಾ ಪುಡಿಯಲ್ಲಿ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಅರ್ಧ ಭಾಗ, ಸಾಕಷ್ಟಿರಲಿಲ್ಲ. ಮಕ್ಕಳು ಹಸಿವು ಕಳೆದುಕೊಂಡು ಸೊರಗಿದರು. 1980ರಲ್ಲಿ ಅಲ್ಲಿ ಶಿಶು ಆಹಾರಕ್ಕೆ ಪ್ರತ್ಯೇಕ ಕಾನೂನೇ ಬಂತು. ಆಮೇಲೂ 2003ರಲ್ಲಿ ಇಸ್ರೇಲಿನಲ್ಲಿ, ಥಯಾಮಿನ್ ಎಂಬ ಒಂದೇ ಜೀವಸತ್ವ ಬಿಟ್ಟುಹೋದ ಸೋಯಾ ಪುಡಿ ಕೆಲವು ಶಿಶುಗಳ ಪ್ರಾಣ ತೆಗೆಯಿತು, ಇನ್ನು ಕೆಲವನ್ನು ಜೀವನಪೂರ್ತಿ ಅಂಗವಿಕಲರನ್ನಾಗಿಸಿತು. ಕಾರ್ಖಾನೆ, ಪ್ರಯೋಗಾಲಯ ಎಲ್ಲ ಇದ್ದವರ ಗತಿಯೇ ಹೀಗಾದರೆ, ಮನೆಯ ಮಿಕ್ಸಿಯಲ್ಲಿ ಲೆಕ್ಕ ತಪ್ಪುವುದು ಎಷ್ಟು ಸುಲಭ ಎಂದು ಯೋಚಿಸಿ.

ನಮ್ಮ ನೆರೆಯ ಮೈಸೂರಿನಲ್ಲೂ ಈ ಕಥೆಯ ಒಂದು ಕವಲಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಕೊಂಡಿತು, ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಪೌಷ್ಟಿಕ ಆಹಾರ ಮಾಡಿತು, ಕಡಲೆಕಾಯಿ ಪ್ರೋಟೀನಿನಿಂದ ಹಾಲನ್ನು ಹಿಗ್ಗಿಸುವ ಮಿಲ್ಟೋನ್ ತಂದಿತು. ದೊಡ್ಡ ಕೆಲಸಗಳೇ. ಆದರೆ ಅವೆಲ್ಲ ಹಾಲಿನ ಕೊರತೆಗೆ ಮಾಡಿದ ಉಪಾಯಗಳು, ಅಲರ್ಜಿಗಲ್ಲ. ಮಿಲ್ಟೋನ್‌ನಲ್ಲಿ ಹಾಲು ಇದ್ದೇ ಇತ್ತು. ಎಮ್ಮೆ ಹಾಲಿನ, ಮೇಕೆ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರವೆಂದರೆ, ಹಸುವಿನ ಹಾಲು ಆಗದ ಹೆಚ್ಚಿನ ಮಕ್ಕಳಿಗೆ ಅವೂ ಆಗುವುದಿಲ್ಲ. ಗೆಜ್ಜಲಗೆರೆಯ ಡೇರಿ ಇರುವ ಈ ಹಾಲಿನ ಸೀಮೆಯಲ್ಲಿ ಹಸು ಬಿಟ್ಟು ಮೇಕೆ ಹುಡುಕುವುದು ಬಹಳ ಜನ ಮಾಡುವ ಮೊದಲ ತಪ್ಪು.

ಈಗ ಆಕ್ಷೇಪಕ್ಕೆ ಬರೋಣ. ನಮ್ಮಜ್ಜಿಯರು ರಾಗಿ ಸರಿಯಲ್ಲೇ ಮಕ್ಕಳನ್ನು ಗಟ್ಟಿಮಾಡಲಿಲ್ಲವೇ? ಮಾಡಿದರು, ಪಕ್ಕದಲ್ಲಿ ಎದೆಹಾಲು ಇಟ್ಟುಕೊಂಡು. ಸರಿ ಅದರ ಜೊತೆಯ ಊಟ, ಅದರ ಬದಲಿ ಅಲ್ಲ. ಆಗಲೇ ಹೇಳಿದ 350 ಮಿಲಿಗ್ರಾಂ ಒಣ ಹಿಟ್ಟಿನ ಲೆಕ್ಕ. ಕೂಸಿನ ಬಾಯಿಗೆ ಹೋಗುವ ಸರಿಯಲ್ಲಿ ಬಹುಪಾಲು ನೀರು, ರಾಗಿಯಲ್ಲಿರುವ ಫೈಟೇಟು ಎಂಬ ವಸ್ತು ಇದ್ದ ಸುಣ್ಣವನ್ನೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಪ್ರೋಟೀನ್ ನೂರಕ್ಕೆ ಏಳು, ಅದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅಂಗಡಿಯ ಅಕ್ಕಿ ಪಾನೀಯದ ಕಥೆ ಇನ್ನೂ ಕಷ್ಟ: ಹಾಲು ಆಗುವುದಿಲ್ಲವೆಂದು ಅದನ್ನೇ ಹೆಚ್ಚಾಗಿ ಕುಡಿಸಿದ ಅಮೆರಿಕದ ಒಂದು ಮಗುವಿಗೆ ಕ್ವಾಷಿಯೋರ್ಕರ್ ಬಂದದ್ದನ್ನು ವೈದ್ಯರು 2001ರಲ್ಲಿ ವರದಿ ಮಾಡಿದರು. ಬರಗಾಲದ ಬೀಡುಗಳಲ್ಲಿ ನೋಡುವ ಕಾಯಿಲೆ ಅದು, ಬಂದದ್ದು ಸಿರಿವಂತ ನಾಡಿನಲ್ಲಿ.

ಅದೇ ಅಕ್ಕಿಯ ಪ್ರೋಟೀನನ್ನು ಕಿಣ್ವದಿಂದ ಒಡೆದು, ಲೈಸಿನ್, ಥ್ರಿಯೋನಿನ್ ಸೇರಿಸಿ, ಸುಣ್ಣ, ಕಬ್ಬಿಣ, ಜೀವಸತ್ವಗಳನ್ನು ಅಳತೆಯಿಂದ ಕೂಡಿಸಿದ ಪುಡಿಯಲ್ಲಿ ಮಕ್ಕಳು ಸಾಕಷ್ಟು ಸರಿಯಾಗಿ ಬೆಳೆದದ್ದನ್ನು ಇಟಲಿ ಮುಂತಾದ ಕಡೆಯ ಅಧ್ಯಯನಗಳು ತೋರಿಸಿವೆ. ಒಂದೆರಡು ಸಣ್ಣ ಅಧ್ಯಯನಗಳಲ್ಲಿ ತೂಕ ತುಸು ಹಿಂದುಳಿದದ್ದೂ ಉಂಟು, ಅದನ್ನು ಮುಚ್ಚಿಡುವುದು ಬೇಡ. ಯುರೋಪಿನ ಮಕ್ಕಳ ವೈದ್ಯರ ಸಂಘಟನೆ ಸೋಯಾ ಪುಡಿಯನ್ನು ಆರು ತಿಂಗಳೊಳಗೆ ಬೇಡವೆನ್ನುತ್ತದೆ. ಅಕ್ಕಿಯದನ್ನು, ಹಾಲಿನ ಪ್ರೋಟೀನನ್ನೇ ಒಡೆದು ಮಾಡಿದ ಪುಡಿಗೆ ಬದಲಾಗಿ ಒಪ್ಪುತ್ತದೆ. ಇದೆಲ್ಲ ಕಂಪನಿಗಳ ವ್ಯಾಪಾರ, ಬೆಲೆ ನೋಡಿದರೆ ಎದೆ ಒಡೆಯುತ್ತದೆ ಎನ್ನುವವರ ಮಾತಿನಲ್ಲಿ ನಿಜವಿದೆ. ಅದಕ್ಕಾಗಿಯೇ 1992ರ ಶಿಶು ಹಾಲು ಬದಲಿಗಳ ಕಾಯಿದೆ ಅಂಥ ಪುಡಿಗಳ ಜಾಹೀರಾತನ್ನು ನಿಷೇಧಿಸಿದೆ. ಎದೆಹಾಲು ಇರುವಲ್ಲಿ ಡಬ್ಬಿಯ ಮಾತೇ ಬೇಕಿಲ್ಲ. ಹೆಚ್ಚಿನ ಕಡೆ ವೈದ್ಯರು ಹೇಳಿದಷ್ಟು ಕಾಲ ತಾಯಿಯೇ ತನ್ನ ಊಟದಲ್ಲಿ ಹಾಲು, ಮೊಸರು, ತುಪ್ಪ ಬಿಟ್ಟರೆ ಆಯಿತು. ಎದೆಹಾಲು ಇಲ್ಲದ ಕೂಸಿಗೆ ಯಾವ ಪುಡಿ ಎಂಬುದನ್ನು ಮಾತ್ರ ವೈದ್ಯರು ಹೇಳಬೇಕು, ಅದು ಸಾಕಾಗುತ್ತಿದೆಯೇ ಎಂಬುದನ್ನು ತಾಯಿ ಕಾರ್ಡಿನ ತೂಕದ ಗೆರೆ ಹೇಳಬೇಕು. ಆರು ತಿಂಗಳಾದ ಮೇಲೆ ವಿ.ಸಿ. ಫಾರಂನ ರಾಗಿ, ಬೇಳೆಯ ಜೊತೆಗೂಡಿ, ಬರಲಿ. ಹಾಲಿನ ಅಲರ್ಜಿ ಬಹುಪಾಲು ಮಕ್ಕಳಿಗೆ ಕೆಲವು ವರ್ಷಗಳಲ್ಲಿ ತಾನಾಗಿ ಹೋಗುತ್ತದೆ. ಹೋಯಿತೋ ಇಲ್ಲವೋ ಎಂದು ಪರೀಕ್ಷಿಸಲು ಮೊದಲ ಗುಟುಕು ಹಾಲು ಕುಡಿಸುವುದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಆಗಲಿ.