ತೊರೆಯ ದಡದ ಪಾಠ



ನೆಲ, ನೀರು, ಗಿಡಮರಗಳ ಸ್ವಭಾವವನ್ನು ಅರಿತು, ಅದಕ್ಕೆ ಹೊಂದುವಂತೆ ಉದ್ಯಾನ, ನದೀತೀರ, ಬಡಾವಣೆಗಳನ್ನು ರೂಪಿಸುವ ವಿದ್ಯೆಗೆ ಪರಿಸರನಿಷ್ಠ ಭೂದೃಶ್ಯ ವಿನ್ಯಾಸವೆಂದು ಹೆಸರು. ಈ ವಿದ್ಯೆಯನ್ನು ಬೋಧಿಸುತ್ತ, ಬೋಧಿಸಿದ್ದನ್ನು ನೆಲದ ಮೇಲೆ ಮಾಡಿಯೂ ತೋರಿಸಿದವರಲ್ಲಿ ಚೀನಾದ ಯು ಕಾಂಗ್‌ಜಿಯಾನ್ ಪ್ರಮುಖರು. ಭಾಷಾಶಿಕ್ಷಕರ ಸಭೆಯಲ್ಲಿ ಈ ವಿಷಯವೇಕೆ ಎಂಬ ಸಂದೇಹ ಸಹಜವೇ. ಮಗು ಮನೆಯಿಂದ ಹೊತ್ತು ತರುವ ಅರಿವಿಗೆ ವಿದ್ಯಾಲಯದಲ್ಲಿ ಎಡೆಯುಂಟೇ ಎಂಬುದು ಅವರ ವೃತ್ತಿಜೀವನದ ಉದ್ದಕ್ಕೂ ಕಾಣುವ ಪ್ರಶ್ನೆ. ಗಡಿನಾಡಿನ ಕನ್ನಡ ತರಗತಿಗೂ ಅದು ಹೊಸತೇನಲ್ಲ.

ಯು 1963ರಲ್ಲಿ ಝೆಜಿಯಾಂಗ್ ಪ್ರಾಂತ್ಯದ ಜಿನ್‌ಹುವಾ ಬಳಿಯ ಹಳ್ಳಿಯೊಂದರಲ್ಲಿ, ಬೇಸಾಯಗಾರರ ಮನೆಯಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಒಮ್ಮೆ ಉಕ್ಕಿ ಹರಿಯುತ್ತಿದ್ದ ತೊರೆಗೆ ಬಿದ್ದರು. ದಡದ ವಿಲೋ ಗಿಡಗಳೂ ಜೊಂಡೂ ನೀರಿನ ರಭಸವನ್ನು ತಗ್ಗಿಸಿದ್ದವು. ಅವನ್ನೇ ಹಿಡಿದು ಮೇಲೆ ಬಂದರು. ದಡಕ್ಕೆ ಕಾಂಕ್ರೀಟ್ ಗೋಡೆ ಇದ್ದಿದ್ದರೆ ತಾವು ಮುಳುಗಿಹೋಗುತ್ತಿದ್ದುದು ಖಚಿತವೆಂದು ಮುಂದೆ ಅವರು ಹೇಳಿಕೊಂಡದ್ದುಂಟು.

ಬೀಜಿಂಗ್ ಅರಣ್ಯ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಕೆಲವು ವರ್ಷ ಪಾಠ ಹೇಳಿದ ಅವರು, 1995ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. 1997ರಲ್ಲಿ ತಾಯ್ನಾಡಿಗೆ ಮರಳಿದಾಗ ಕಂಡ ದೃಶ್ಯ ಬೇರೆಯಾಗಿತ್ತು. ನಗರಗಳು ವೇಗದಿಂದ ಬೆಳೆಯುತ್ತಿದ್ದವು, ತೊರೆಗಳು ಕಾಂಕ್ರೀಟಿನ ಕಾಲುವೆಗಳಾಗುತ್ತಿದ್ದವು, ಗದ್ದೆಗಳ ಜಾಗದಲ್ಲಿ ಅಲಂಕಾರದ ಹುಲ್ಲುಹಾಸು ಹರಡುತ್ತಿತ್ತು. ಅವರು ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಭೂದೃಶ್ಯ ವಿನ್ಯಾಸದ ಅಧ್ಯಯನವನ್ನು ಕಟ್ಟಿ ಬೆಳೆಸಿದರು. 1998ರಲ್ಲಿ ತುರೆನ್‌ಸ್ಕೇಪ್ ಎಂಬ ವಿನ್ಯಾಸ ಸಂಸ್ಥೆಯನ್ನು ಆರಂಭಿಸಿದರು. ಚೀನೀ ಭಾಷೆಯಲ್ಲಿ ‘ತು’ ಎಂದರೆ ಮಣ್ಣು, ‘ರೆನ್’ ಎಂದರೆ ಮನುಷ್ಯ. ಹಳ್ಳಿಗತನವನ್ನು ಮರೆಮಾಡುವುದೇ ವಿದ್ಯೆಯ ಲಕ್ಷಣವೆಂದು ಬಗೆಯುವವರ ನಡುವೆ ಇಂಥ ಹೆಸರನ್ನು ಆರಿಸಿಕೊಳ್ಳಲು ಧೈರ್ಯ ಬೇಕು. ಹಿಂದೆ ಚೀನಾದಲ್ಲಿ ಸೌಂದರ್ಯಕ್ಕಾಗಿ ಹೆಣ್ಣುಮಕ್ಕಳ ಪಾದಗಳನ್ನು ಬಿಗಿದು ಕಟ್ಟುತ್ತಿದ್ದರಷ್ಟೆ. ಕೇವಲ ಅಲಂಕಾರಕ್ಕಾಗಿ ಮಾಡಿದ ಉದ್ಯಾನಗಳನ್ನು ಅವರು ಆ ಕಟ್ಟಿದ ಪಾದಗಳಿಗೆ ಹೋಲಿಸಿದರು. ನೆಲಕ್ಕೆ ಬೇಕಾದದ್ದು ನಡೆಯಬಲ್ಲ, ದುಡಿಯಬಲ್ಲ ದೊಡ್ಡ ಪಾದವೆಂದು ವಾದಿಸಿದರು.

ಅವರ ಕೃತಿಗಳಲ್ಲಿ ಶಿಕ್ಷಕರ ಗಮನಕ್ಕೆ ವಿಶೇಷವಾಗಿ ಬರಬೇಕಾದದ್ದು ಶೆನ್ಯಾಂಗ್ ನಗರದ ವಾಸ್ತುಶಿಲ್ಪ ವಿಶ್ವವಿದ್ಯಾಲಯದ ಆವರಣ. ವಿದ್ಯಾಲಯವು ನಗರದ ಹೊರವಲಯದ ಹಳೆಯ ಭತ್ತದ ಬಯಲಿಗೆ ಸ್ಥಳಾಂತರಗೊಂಡಿತ್ತು. ಉದ್ಯಾನಕ್ಕೆ ದೊರೆತ ಹಣವೂ ಕಾಲಾವಧಿಯೂ ಅಲ್ಪ. ಯು ಅವರು ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದರು. ಮಳೆನೀರನ್ನು ಕೊಳವೊಂದರಲ್ಲಿ ತಡೆದು ಭತ್ತಕ್ಕೆ ಹಾಯಿಸಿದರು. ಪೈರಿನ ನಡುವೆಯೇ ನೇರ ಕಾಲುದಾರಿಗಳನ್ನೂ ಕುಳಿತು ಓದುವ ಜಗಲಿಗಳನ್ನೂ ರಚಿಸಿದರು. ನಾಟಿಯಲ್ಲೂ ಕೊಯ್ಲಿನಲ್ಲೂ ವಿದ್ಯಾರ್ಥಿಗಳು ಭಾಗವಹಿಸುತ್ತಾರೆ. ಬೆಳೆದ ಅಕ್ಕಿಯನ್ನು ಚೀಲಗಳಲ್ಲಿ ತುಂಬಿ ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ನೀಡಿದ್ದೂ ಉಂಟು. ಶಾಲುಹಾರಗಳಿಗಿಂತ ಇದು ಎಷ್ಟೋ ಮೇಲು.

ತಮ್ಮ ಹುಟ್ಟೂರಿನ ಜಿಲ್ಲೆಯಾದ ಜಿನ್‌ಹುವಾದಲ್ಲಿ 2014ರಲ್ಲಿ ಪೂರ್ಣಗೊಂಡ ಯಾನ್‌ವೇಝೌ ಉದ್ಯಾನಕ್ಕಾಗಿ ನದಿಯ ಕಾಂಕ್ರೀಟ್ ತಡೆಗೋಡೆಯನ್ನು ತೆಗೆಸಿ, ಬೇಸಾಯದ ಮೆಟ್ಟಿಲುಗದ್ದೆಗಳಂಥ ದಿಬ್ಬಗಳಲ್ಲಿ ಹುಲ್ಲು ಬೆಳೆಸಿದರು. ನೆರೆ ಬಂದಾಗ ಉದ್ಯಾನ ಮುಳುಗುತ್ತದೆ, ಇಳಿದಾಗ ಉಳಿದ ಮೆಕ್ಕಲೇ ಗೊಬ್ಬರವಾಗುತ್ತದೆ. ಜನರು ಎತ್ತರದ ಸೇತುವೆಯ ಮೇಲೆ ಓಡಾಡುತ್ತಾರೆ.

2012ರ ಜುಲೈಯಲ್ಲಿ ಬೀಜಿಂಗಿನ ಪ್ರವಾಹದಲ್ಲಿ 79 ಮಂದಿ ಮೃತರಾದ ಬಳಿಕ ಇಂಥ ಚಿಂತನೆಗೆ ಕಿವಿಗೊಡುವವರು ಹೆಚ್ಚಿದರು. ಮಳೆನೀರನ್ನು ನಗರವೇ ಹೀರಿಟ್ಟುಕೊಳ್ಳಬೇಕೆಂಬ ‘ಸ್ಪಂಜು ನಗರ’ದ ಕಲ್ಪನೆ ಸರಕಾರದ ನೀತಿಯಾಗಿ, 2015ರಲ್ಲಿ 16 ನಗರಗಳಲ್ಲಿ ಪ್ರಯೋಗಕ್ಕೆ ಬಂತು. ಟೀಕೆಗಳೂ ಬಂದವು. ಸ್ಪಂಜು ಕಾಮಗಾರಿಗಳಿಗೆ ಅಪಾರ ಹಣ ತೊಡಗಿಸಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈಯಲ್ಲಿ ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಮಳೆ ಸುರಿದು ಸಾವುನೋವು ಸಂಭವಿಸಿತು. ಅಷ್ಟು ಮಳೆಯನ್ನು ಯಾವ ಉದ್ಯಾನವೂ ಹೀರಲಾರದು. ಆದರೂ ಹೆಸರನ್ನು ಮಾತ್ರ ಎರವಲು ಪಡೆದ ಕಾಮಗಾರಿಯನ್ನೂ ಮೂಲ ವಿಚಾರವನ್ನೂ ಬೇರೆಬೇರೆಯಾಗಿ ತೂಗಬೇಕಾಗುತ್ತದೆ. 2025ರ ಸೆಪ್ಟೆಂಬರ್ 23ರಂದು ಬ್ರೆಜಿಲಿನ ಪಂಟನಾಲ್ ಜೌಗುನಾಡಿನಲ್ಲಿ ನಡೆದ ಸಣ್ಣ ವಿಮಾನದ ಅಪಘಾತದಲ್ಲಿ ಯು ತೀರಿಕೊಂಡರು. ಅವರ ಕೆಲಸವನ್ನು ಕುರಿತ ಸಾಕ್ಷ್ಯಚಿತ್ರದ ಚಿತ್ರೀಕರಣ ಆಗ ನಡೆಯುತ್ತಿತ್ತು.

ಇನ್ನು ಗಡಿನಾಡಿನ ತರಗತಿಯ ಮಾತು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ಪಂಪಿನ ಹಂಗಿಲ್ಲದೆ ಹರಿದು ಬರುತ್ತದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡ ಹಾಕುವ ಒಡ್ಡಿಗೆ ಅಲ್ಲಿ ‘ಕಟ್ಟ’ವೆನ್ನುತ್ತಾರೆ. ರಾಯದುರ್ಗ, ಮಡಕಶಿರದ ಕಡೆ ಏರಿ, ತೂಬು, ಕೋಡಿಗಳಿವೆ. ಪಾಠದಲ್ಲಿ ‘ಮಳೆನೀರು ಕೊಯ್ಲು’ ಎಂಬ ಪದ ಬಂದಾಗ ಮಗು ಅದನ್ನು ಬಾಯಿಪಾಠ ಮಾಡೀತು. ಮನೆಯ ಹಿತ್ತಲಿನ ಸುರಂಗಕ್ಕೂ ಅದಕ್ಕೂ ನಂಟಿದೆಯೆಂದು ಹೊಳೆಯದೆಯೂ ಹೋದೀತು. ಕೊಳವೆಬಾವಿಗಳು ಬಂದ ಮೇಲೆ ಸುರಂಗ ಕೊರೆಯಬಲ್ಲವರು ವಿರಳರಾಗಿದ್ದಾರೆ. ಎಲ್ಲಿ ಕೊರೆದರೆ ನೀರು ಸಿಕ್ಕೀತೆಂಬ ಅವರ ತಿಳಿವಳಿಕೆ ಬಹುಪಾಲು ಬಾಯಿಮಾತಿನಲ್ಲಿಯೇ ಇದೆ.

ಆದಕಾರಣ ನೀರಿನ ಪಾಠಕ್ಕೆ ಮುನ್ನ, ಊರಿನ ನೀರಿಗೂ ನೆಲಕ್ಕೂ ಸಂಬಂಧಿಸಿದ ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತರಲು ಮಕ್ಕಳಿಗೆ ಹೇಳಬಹುದು. ಪದವು ತುಳು, ಮಲಯಾಳ ಇಲ್ಲವೆ ತೆಲುಗಿನದಾಗಿದ್ದರೂ ತಿದ್ದದೆ ಇರಗೊಡಬೇಕು. ಅದರ ಕೆಲಸವೇನೆಂಬುದನ್ನು ಎರಡು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಸಿದರೆ ಭಾಷೆಯ ಅಭ್ಯಾಸವೂ ಆಯಿತು. ಸುರಂಗ ಕೊರೆದ, ಕಟ್ಟ ಹಾಕಿದ ಹಿರಿಯರು ಊರಿನಲ್ಲಿದ್ದರೆ ಫೆಬ್ರವರಿಯ ಒಂದು ಅವಧಿಯನ್ನು ಅವರಿಗೆ ಮೀಸಲಿಡಬಹುದು. ಆಗ ತೋಡಿನ ನೀರು ಇಳಿಯತೊಡಗಿರುತ್ತದೆ. ಅವರು ಹೇಳುವುದನ್ನು ಮಕ್ಕಳು ಸ್ಥಳಕ್ಕೆ ಹೋಗಿ ನೋಡಬಹುದು.