ಮರಳಿ ಬರುವ ಇನ್ನೂರು ರೂಪಾಯಿಯೂ ಮನೆ ಹೊಗುವ ಬಡ್ಡಿಯೂ

(ಕುಟುಂಬ ಸಂಗಮವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಡ್ಡಿ ನಿಷಿದ್ಧವೆಂಬುದು ನಮ್ಮ ಮನೆಗಳ ಪುಟ್ಟ ಮಕ್ಕಳಿಗೂ ತಿಳಿದಿದೆ. ಮೀಟರ್ ಬಡ್ಡಿಯವನು ಎದುರಾದರೆ ನಾವು ಮುಖ ತಿರುಗಿಸುತ್ತೇವೆ. ಆದರೆ ಅದೇ ಬಡ್ಡಿ ಹೊಳೆಯುವ ಕಾರ್ಡಿನ ವೇಷ ತೊಟ್ಟು, 'ನೀವು ಖರ್ಚು ಮಾಡಿ, ನಾವು ಹಣ ಮರಳಿಸುತ್ತೇವೆ' ಎಂದು ಸಿಹಿಯಾಗಿ ಕರೆದಾಗ ನಮ್ಮ ಎಚ್ಚರ ಸಡಿಲಗೊಳ್ಳುತ್ತದೆ. ದಿನಸಿ, ಪೆಟ್ರೋಲು, ಮಕ್ಕಳ ಫೀಸಿಗೆ ಯಾವ ಕ್ಯಾಶ್‌ಬ್ಯಾಕ್ ಕಾರ್ಡ್ ಒಳ್ಳೆಯದು ಎಂದು ನಮ್ಮ ಯುವಕರು ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ನಮಗೆ ಮರಳಿ ಬರುವ ಆ ಹಣ ಯಾರ ಜೇಬಿನದು?

ಬ್ಯಾಂಕು ದಾನಶಾಲೆಯಲ್ಲ. ನಾವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ಬ್ಯಾಂಕುಗಳಿಗೆ ಶುಲ್ಕ ತೆರುತ್ತಾನೆ. 'ಕಾರ್ಡಾದರೆ ಶೇ. 2 ಜಾಸ್ತಿ' ಎಂದು ಬೀದಿಯ ವ್ಯಾಪಾರಿ ಹೇಳುವುದು ಇದೇ ಕಾರಣಕ್ಕೆ. ಇದು ಮೊದಲ ಮೂಲ. ಎರಡನೆಯದು, ಬಿಲ್ಲನ್ನು ಪೂರ್ತಿ ಕಟ್ಟಲಾಗದೆ ಬಡ್ಡಿಯ ಸುಳಿಗೆ ಸಿಲುಕಿದವರು. ಕಾರ್ಡ್ ವ್ಯವಹಾರದ ಲಾಭದಲ್ಲಿ ಅವರ ಪಾಲು ದೊಡ್ಡದು. ನಮ್ಮ ಇನ್ನೂರು ರೂಪಾಯಿಯಲ್ಲಿ ಅಂಥವನೊಬ್ಬನ ಬೆವರೂ ಸೇರಿರಬಹುದೆಂಬುದನ್ನು ನಾವು ಯೋಚಿಸಿದ್ದೇವೆಯೇ?

ಲೆಕ್ಕವನ್ನೇ ನೋಡೋಣ. ತಿಂಗಳಿಗೆ ಇಪ್ಪತ್ತು ಸಾವಿರ ಖರ್ಚು ಮಾಡುವ ಮನೆಗೆ ಶೇ. 1ರ ಕ್ಯಾಶ್‌ಬ್ಯಾಕ್ ಎಂದರೆ ಇನ್ನೂರು ರೂಪಾಯಿ, ವರ್ಷಕ್ಕೆ 2,400. ಕಾರ್ಡಿನ ವಾರ್ಷಿಕ ಶುಲ್ಕ 500 ಇದ್ದರೆ ಶೇ. 18ರ ಜಿಎಸ್‌ಟಿ ಸೇರಿ 590 ಹೋಯಿತು. ಉಳಿದದ್ದು 1,810. ಇನ್ನು ಒಂದೇ ಒಂದು ತಿಂಗಳು ಕೈ ಬಿಗಿಯಾಗಿ, ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ 'ಮಿನಿಮಮ್ ಡ್ಯೂ' ಸಾವಿರ ರೂಪಾಯಿಯನ್ನಷ್ಟೇ ಕಟ್ಟಿದೆವೆನ್ನಿ. ಉಳಿದ ಹತ್ತೊಂಬತ್ತು ಸಾವಿರಕ್ಕೆ ತಿಂಗಳಿಗೆ ಶೇ. 3.5ರಂತೆ 665 ರೂಪಾಯಿ ಬಡ್ಡಿ, ಅದರ ಮೇಲೆ ಸುಮಾರು 120 ಜಿಎಸ್‌ಟಿ. ಸರಿಸುಮಾರು ನಾಲ್ಕು ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ಏಟಿಗೆ ಕೊಚ್ಚಿಹೋಯಿತು! ವಾಸ್ತವದಲ್ಲಿ ನಷ್ಟ ಇದಕ್ಕಿಂತ ಹೆಚ್ಚು. ಏಕೆಂದರೆ ಪೂರ್ತಿ ಕಟ್ಟದಿದ್ದರೆ ಖರೀದಿಯ ದಿನದಿಂದಲೇ ಬಡ್ಡಿ ಎಣಿಸಲಾಗುತ್ತದೆ. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ದೊರೆಯುವುದಿಲ್ಲ. ಎಟಿಎಮ್‌ನಿಂದ ನಗದು ತೆಗೆದರಂತೂ ಮೊದಲ ದಿನದಿಂದಲೇ ಬಡ್ಡಿ.

ಕಾರ್ಡುಗಳ ವಾರ್ಷಿಕ ಬಡ್ಡಿ ಸಾಮಾನ್ಯವಾಗಿ ಶೇ. 36ರಿಂದ 45ರಷ್ಟಿರುತ್ತದೆ. ಶೇ. 30ನ್ನು ಮೀರಿದ ಬಡ್ಡಿಯು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಅಂದರೆ ಆ ಆಸರೆಯೂ ಈಗ ಉಳಿದಿಲ್ಲ. ಮೀಟರ್ ಬಡ್ಡಿಯವನನ್ನು ಶಪಿಸುವ ಸಮಾಜ ಈ ದರದ ಮುಂದೆ ಮೌನ ತಾಳಿರುವುದು ವಿಪರ್ಯಾಸವಲ್ಲವೇ?

ಇದನ್ನು ನಾವು ದೂರ ನಿಂತು ಹೇಳುತ್ತಿಲ್ಲ. ನಮ್ಮ ಮನೆಗೂ ಒಮ್ಮೆ ಇಂತಹ ಕಾರ್ಡು ಬಂದಿತ್ತು. ರಮಝಾನಿನ ಕೊನೆಯ ಹತ್ತರ ಗಡಿಬಿಡಿಯಲ್ಲಿ ಪಾವತಿಯ ದಿನಾಂಕ ಮರೆತುಹೋಯಿತು. ಹಬ್ಬದ ಮರುವಾರ ಬಂದ ಬಿಲ್ಲಿನಲ್ಲಿ ದಂಡದ ಪಕ್ಕದಲ್ಲೇ ಬಡ್ಡಿಯ ಸಾಲೂ ಇತ್ತು. ಇಡೀ ತಿಂಗಳು ಉಪವಾಸವಿದ್ದು ಕೊನೆಗೆ ಬಡ್ಡಿ ತೆತ್ತವರಾದೆವಲ್ಲ ಎಂಬ ಸಂಕಟ ಇಂದಿಗೂ ಮಾಸಿಲ್ಲ. ಕಾರ್ಡನ್ನು ಅಂದೇ ಮರಳಿಸಿದೆವು.

ವಿದ್ವಾಂಸರು ಏನೆನ್ನುತ್ತಾರೆ? ಖಾತೆಯಲ್ಲಿ ಹಣವಿಲ್ಲದೆ ಸಾಲದ ಮೇಲೆ ನಡೆಯುವ, ಬಡ್ಡಿಯ ಷರತ್ತುಳ್ಳ ಕಾರ್ಡನ್ನು ಗಡುವಿನೊಳಗೆ ಪೂರ್ತಿ ಕಟ್ಟುವ ಉದ್ದೇಶವಿದ್ದರೂ ಬಳಸಬಾರದೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡಮಿಯು 2000ದಲ್ಲಿ ರಿಯಾದ್ ಅಧಿವೇಶನದಲ್ಲಿ ನಿರ್ಣಯಿಸಿತು. ಅಗತ್ಯವಿದ್ದಲ್ಲಿ, ಬಡ್ಡಿ ತಗಲದಂತೆ ಖಚಿತಪಡಿಸಿಕೊಂಡು ಬಳಸಬಹುದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ನಾವಿಲ್ಲಿ ಫತ್ವಾ ನೀಡಲು ನಿಂತಿಲ್ಲ. ಆದರೆ ಅಗತ್ಯ ಬೇರೆ, ಕ್ಯಾಶ್‌ಬ್ಯಾಕಿನ ಆಸೆ ಬೇರೆ ಎಂಬುದನ್ನು ಮಾತ್ರ ಸ್ಪಷ್ಟಪಡಿಸಬಯಸುತ್ತೇವೆ.

ದಿನನಿತ್ಯದ ಖರ್ಚಿಗೆ ನಮ್ಮದೇ ಹಣದಿಂದ ನಡೆಯುವ ಡೆಬಿಟ್ ಕಾರ್ಡು, ಯುಪಿಐಗಳಿವೆ. 2020ರ ಜನವರಿಯಿಂದ ರುಪೇ ಡೆಬಿಟ್ ಮತ್ತು ಖಾತೆಯಿಂದ ಖಾತೆಗೆ ಹೋಗುವ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಆ ಶುಲ್ಕವನ್ನೂ ವಸೂಲು ಮಾಡುವಂತಿಲ್ಲ. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು.

ಉದ್ಯೋಗ, ವಿದೇಶ ಪ್ರಯಾಣ ಮುಂತಾದ ಕಾರಣಗಳಿಂದ ಕ್ರೆಡಿಟ್ ಕಾರ್ಡ್ ಅನಿವಾರ್ಯವಾದವರು ಕೆಲವು ವಿಷಯಗಳನ್ನು ಗಮನಿಸಬೇಕು. ವಾರ್ಷಿಕ ಶುಲ್ಕವಿಲ್ಲದ್ದನ್ನೇ ಆರಿಸಿರಿ. ಮಿತಿಯನ್ನು ಒಂದು ತಿಂಗಳ ಸಂಬಳಕ್ಕಿಂತ ಕೆಳಗಿರಿಸಿ, ಪೂರ್ತಿ ಬಿಲ್ಲು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡಿರಿ. ಪಾಯಿಂಟುಗಳ ಮೋಡಿಗೆ ಮರುಳಾಗಬೇಡಿರಿ. ಅವುಗಳ ಬೆಲೆ ನಿರ್ಧರಿಸುವವನೂ ಅವಧಿ ಮುಗಿಸುವವನೂ ಬ್ಯಾಂಕಿನವನೇ. ಶೇ. 5 ಎಂಬ ಜಾಹೀರಾತಿನ ಕೆಳಗೆ ತಿಂಗಳ ಗರಿಷ್ಠ ಮಿತಿ ಎಷ್ಟು, ಪೆಟ್ರೋಲು, ಬಾಡಿಗೆಗಳು ಹೊರಗಿವೆಯೇ ಎಂಬುದು ಸಣ್ಣಕ್ಷರದಲ್ಲಿರುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ ಸೂಕ್ತವೇ ಕುರ್‌ಆನಿನಲ್ಲಿ ಅತಿ ದೀರ್ಘವಾದುದು. ಆ ಗ್ರಂಥದ ಅನುಯಾಯಿಗಳು ಓದದೆ ಸಹಿ ಹಾಕುವುದು ಎಷ್ಟು ಸರಿ?

'ಬಡ್ಡಿಯಿಲ್ಲದ ಇಎಂಐ' ಎಂಬುದನ್ನೂ ನಂಬಬೇಡಿರಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಬೇರೆ ಶುಲ್ಕಗಳಲ್ಲಿ ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಎಚ್ಚರಿಸಿದೆ. ಕೇಳದೆ ಕಾರ್ಡ್ ಕಳುಹಿಸುವಂತಿಲ್ಲ, ಬಾಕಿಯಿಲ್ಲದವರು ಬೇಡವೆಂದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ತೆರಬೇಕು ಎಂಬುದು ಅದರದೇ 2022ರ ನಿರ್ದೇಶನ. ಈ ಹಕ್ಕುಗಳನ್ನು ತಿಳಿದಿರಿ.

ಕೊನೆಯದಾಗಿ ಒಂದು ಮಾತು. ನಮ್ಮವರು ಹೆಚ್ಚಾಗಿರುವ ಬಡಾವಣೆಗಳನ್ನು ಬ್ಯಾಂಕುಗಳು ಸಾಲಕ್ಕೆ ಯೋಗ್ಯವಲ್ಲದ ಪ್ರದೇಶಗಳೆಂದು ಗುರುತಿಸಿದ್ದನ್ನು 2006ರ ಸಾಚಾರ್ ವರದಿ ಬಯಲಿಗೆಳೆದಿತ್ತು. ರಘುರಾಂ ರಾಜನ್ ಸಮಿತಿಯು 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗನ್ನು ಶಿಫಾರಸು ಮಾಡಿದರೂ ರಿಸರ್ವ್ ಬ್ಯಾಂಕು 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಟ್ಟಿತು. ದುಡಿಮೆಗೆ ಸಾಲ ಕೊಡಲು ಹಿಂಜರಿದ ವ್ಯವಸ್ಥೆಯು ಖರ್ಚಿಗೆ ಸಾಲ ಕೊಡಲು ಮಾತ್ರ ದಿನಕ್ಕೆ ಮೂರು ಬಾರಿ ಫೋನು ಮಾಡುತ್ತದೆ! ಸರಕಾರವನ್ನು ಪ್ರಶ್ನಿಸೋಣ. ಆದರೆ ನಮ್ಮನ್ನೂ ಪ್ರಶ್ನಿಸಿಕೊಳ್ಳೋಣ. ತಿಂಗಳ ಕೊನೆಯಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟಲಾಗದ ನೆರೆಯವನು ಜಮಾಅತಿನ ಬಾಗಿಲು ತಟ್ಟದೆ ಕಾರ್ಡ್ ಉಜ್ಜಿದನೆಂದರೆ ತಪ್ಪು ಅವನದಷ್ಟೇ ಅಲ್ಲ. ಮದುವೆಗೆ ಲಕ್ಷಗಳನ್ನು ಸುರಿಯುವ ಮೊಹಲ್ಲಾದಲ್ಲಿ ಬಡ್ಡಿರಹಿತ ಸಾಲದ ಒಂದು ನಿಧಿಯಿಲ್ಲವೆಂದರೆ ಅದು ನಮ್ಮೆಲ್ಲರ ಲೋಪ. ಈ ಸಭೆಯಿಂದ ಏಳುವ ಮೊದಲು ಪ್ರತಿಯೊಂದು ಮನೆಯೂ ತಿಂಗಳಿಗೆ ಇನ್ನೂರು ರೂಪಾಯಿಯನ್ನು ಅಂತಹ ನಿಧಿಗೆ ತೆಗೆದಿಡುವ ಸಂಕಲ್ಪ ಮಾಡಲಿ. ಕಾರ್ಡು ಕೊಡುವ ಇನ್ನೂರಕ್ಕಿಂತ ಇದು ಖಂಡಿತ ಬರಕತ್ತಿನದು.

ಅಲ್ಲಾಹನು ನಮ್ಮ ಸಂಪಾದನೆಯನ್ನೂ ಖರ್ಚನ್ನೂ ಶುದ್ಧಗೊಳಿಸಲಿ. ಆಮೀನ್.