ಅಪ್ಪ ಎಲ್ಲಿ ಎಂದು ಮಗು ಕೇಳಿದಾಗ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ ಸಾವಿನ ಪ್ರಕರಣದಲ್ಲಿ ಗಂಡನಿಗೆ ಶಿಕ್ಷೆಯಾದ ದಿನ ನ್ಯಾಯ ಸಿಕ್ಕಿತು ಅನ್ನುತ್ತೇವೆ. ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳಬೇಕೆಂದಿರುವುದು ಅದರ ನಂತರದ್ದು: ಆ ಮನೆಯ ಮಗುವಿನ ಪಾಡು, ಅದನ್ನು ಸಾಕುವ ಅಜ್ಜಿಯ ಪಾಡು.

1986ರಲ್ಲಿ ದಂಡಸಂಹಿತೆಗೆ 304-ಬಿ ಕಲಮು ಸೇರಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ವರದಕ್ಷಿಣೆ ಹಿಂಸೆಯಿಂದ, ಮದುವೆಯಾದ 7 ವರ್ಷದೊಳಗೆ ಆದ ಸಾವಿಗೆ ಇದು ಅನ್ವಯ. ಕನಿಷ್ಠ ಶಿಕ್ಷೆ 7 ವರ್ಷ. ನೀವೇ ಲೆಕ್ಕ ಹಾಕಿ. ತಾಯಿ ಸತ್ತಾಗ ಮಗುವಿಗೆ ಹೆಚ್ಚೆಂದರೆ ಐದೋ ಆರೋ ವರ್ಷ. ಅಪ್ಪ ಹೊರಗೆ ಬರುವಷ್ಟರಲ್ಲಿ ಅದು ಹೈಸ್ಕೂಲಿನಲ್ಲಿರುತ್ತದೆ.

ನನಗೆ ಪರಿಚಯದ ಒಬ್ಬ ಅಜ್ಜಿ ಇದ್ದಾರೆ. ಮಗಳನ್ನು ಬೆಂಕಿಗೆ ಕಳೆದುಕೊಂಡವರು. ಮೊಮ್ಮಗ ಕೇಳಿದಾಗಲೆಲ್ಲ "ಅಪ್ಪ ಮುಂಬೈಗೆ ದುಡಿಯೋಕೆ ಹೋಗಿದಾನೆ" ಎನ್ನುತ್ತಿದ್ದರು. ದೀಪಾವಳಿಗೆ ಹುಡುಗ ಬಾಗಿಲಲ್ಲಿ ಕಾದು ಕೂತ. ಆಮೇಲೆ ಶಾಲೆಯಲ್ಲಿ ಯಾರೋ "ನಿಮ್ಮಪ್ಪ ಜೈಲಲ್ಲವನೆ" ಅಂದರು. ಅವತ್ತಿನಿಂದ ಅಜ್ಜಿ ಹೇಳಿದ ಯಾವುದನ್ನೂ ಅವನು ನಂಬಲಿಲ್ಲ, ಅಮ್ಮ ಹೇಗೆ ಸತ್ತಳೆಂಬುದನ್ನೂ. ರಾತ್ರಿ ಹಾಸಿಗೆ ಒದ್ದೆ ಮಾಡತೊಡಗಿದ. "ಮೇಡಂ, ಅವನ ಹೆಸರು ನನ್ನ ಬಾಯಿಗೆ ಬರಲ್ಲ. ಆದರೆ ಈ ಕೂಸಿಗೆ ಅವನದೇ ಮುಖ" ಎಂದು ಅತ್ತರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಮಾತೇ ಹೊರಡಲಿಲ್ಲ.

ಸಾವಾದ ಮನೆಗೆ ಹನ್ನೊಂದು ದಿನವಾದರೂ ಜನ ಬರುತ್ತಾರೆ. ಜೈಲಿನ ಹೆಸರು ಅಂಟಿದ ಮನೆಗೆ ಯಾರೂ ಬರುವುದಿಲ್ಲ. ಅಪ್ಪನನ್ನು ನೆನೆದರೆ ಸತ್ತ ಅಮ್ಮನಿಗೆ ದ್ರೋಹವಾದೀತೆಂದು ಮಗು ಒಳಗೇ ನುಂಗಿಕೊಳ್ಳುತ್ತದೆ. (ಆಚೆ ಮನೆಯಲ್ಲೂ, ತಪ್ಪಿನಲ್ಲಿ ಪಾಲಿಲ್ಲದ ನಾದಿನಿಯ ಮದುವೆ ಮುರಿಯುತ್ತದೆ. ಅದನ್ನೂ ನೋಡಿದ್ದೇನೆ.)

ಸುಳ್ಳು ಬೇಡ ಎನ್ನುವುದು ನನ್ನ ಅಭಿಪ್ರಾಯ. ವಯಸ್ಸಿಗೆ ತಕ್ಕಷ್ಟು ಹೇಳಿ: "ಅಪ್ಪ ದೊಡ್ಡ ತಪ್ಪು ಮಾಡಿದ, ಜೈಲಿನಲ್ಲಿದ್ದಾನೆ. ನಿನ್ನ ತಪ್ಪೇನೂ ಇಲ್ಲ." ಜೈಲಿಗೆ ಕರೆದೊಯ್ದು ಭೇಟಿ ಮಾಡಿಸಬೇಕೇ? ಮಗುವಿನ ಮೇಲಾಗಲಿ ಅಜ್ಜಿಯ ಮೇಲಾಗಲಿ ಅದನ್ನು ಹೇರಕೂಡದು. ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಕೋರ್ಟಿಗೆ ಹೋದರೆ, 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಆ ಅಜ್ಜಿಯೂ ನಿಮ್ಮಂಥದೇ ಸಂಘದ ಸದಸ್ಯೆ. ಮೂರು ವಾರ ಸಭೆಗೆ ಬರದಿದ್ದಾಗ ದಂಡ ಬರೆದುಕೊಂಡರು, ಮನೆಗೆ ಯಾರೂ ಹೋಗಲಿಲ್ಲ. ನಾಲ್ಕನೇ ವಾರ ಒಬ್ಬಾಕೆ ಪಾಸ್‌ಬುಕ್ ಕೊಡುವ ನೆಪದಲ್ಲಿ ಹೋಗಿ, ಅಡುಗೆಮನೆಯಲ್ಲಿ ಒಂದು ಗಂಟೆ ಕೂತು ಬಂದಳು. ಈಗ ಆ ಹುಡುಗ ಅವಳ ಮಗನ ಜೊತೆ ಶಾಲೆಗೆ ಹೋಗುತ್ತಾನೆ.